ಐದು ಅಕ್ಷರ, ನಾಲ್ಕು ಮನೆಮಾತು

ಮೇಡಂ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ವಿಜಯಪುರದ ಕಡೆಯವರು, ಸಕಲೇಶಪುರ ತಾಲ್ಲೂಕಿನಲ್ಲಿ ಘಟ್ಟದಂಚಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಪೋಸ್ಟಿಂಗ್ ಆಗಿದೆ. "ಹಾಸನ ಜಿಲ್ಲೆ ಅಂದಮೇಲೆ ಎಲ್ಲರ ಮನೆಯಲ್ಲೂ ಕನ್ನಡವೇ ಇರುತ್ತದೆ. ಅಕ್ಷರ, ಲೆಕ್ಕ ಕಲಿಸಲು ಅಂಥ ತೊಂದರೆ ಇರಲಿಕ್ಕಿಲ್ಲ, ಹೌದಲ್ಲ?" ಎಂದು ಕೇಳಿದ್ದೀರಿ. ನಾನು ಈ ಸೀಮೆಯಲ್ಲೇ ಹುಟ್ಟಿದವಳು. ಹದಿನೆಂಟು ವರ್ಷದಿಂದ ಇಲ್ಲೇ ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆಗಿದ್ದೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಿನಲ್ಲಿ ಓದಿ.

ನಮ್ಮದು ಬೇರೆ ರಾಜ್ಯಕ್ಕೆ ತಾಗಿದ ಊರಲ್ಲ, ಆದರೂ ಗಡಿಯೇ. ಬಿಸಿಲೆ ಘಾಟಿ ಇಳಿದರೆ ಕುಕ್ಕೆ ಸುಬ್ರಹ್ಮಣ್ಯ, ಅಲ್ಲಿಂದ ತುಳು ಶುರು. ಯಸಳೂರು ದಾಟಿ ಹೋದರೆ ಕೊಡಗಿನ ಶನಿವಾರಸಂತೆ. ನಡುವೆ ಇರುವುದೆಲ್ಲ ಕಾಫಿ ತೋಟ. ಕೂಲಿಯವರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಅಜ್ಜನ ಕಾಲದಲ್ಲೇ ಬಂದು ನೆಲೆನಿಂತ ತಮಿಳಿನವರಿದ್ದಾರೆ, ಘಟ್ಟದ ಕೆಳಗಿನಿಂದ ಹತ್ತಿ ಬಂದ ತುಳುವಿನವರಿದ್ದಾರೆ. ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಸಂಸಾರಗಳೂ ಇವೆ. ಊರೊಳಗಿನ ಮನೆಗಳಲ್ಲಿ ನಮ್ಮ ಹಾಸನದ ಕನ್ನಡ. ಸುಮಾರು ಕ್ರಿ.ಶ. 450ರದೆಂದು ಹೇಳುವ ಹಲ್ಮಿಡಿ ಶಾಸನ ಸಿಕ್ಕಿದ್ದು ಪಕ್ಕದ ಬೇಲೂರು ತಾಲ್ಲೂಕಿನಲ್ಲೇ. ಅಷ್ಟು ಹಳೆಯ ಕನ್ನಡದ ನೆಲ ಇದು. ಆದರೂ ನನ್ನ ಒಂದನೇ ತರಗತಿಯಲ್ಲಿ ಐದು ಮಕ್ಕಳು ಕೂತರೆ ನಾಲ್ಕು ಮನೆಮಾತು ಕೂತಿರುತ್ತದೆ.

ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿಕಲಿ ಪದ್ಧತಿಯಲ್ಲಿ ನಾವು ಅ, ಆ, ಇ, ಈ ಎಂದು ವರ್ಣಮಾಲೆ ಹಿಡಿದು ಹೊರಡುವುದಿಲ್ಲ. ನಿಮಗೆ ಗೊತ್ತಿರುವುದೇ, ಬೇರೆಯವರೂ ಓದುತ್ತಾರೆಂದು ಹೇಳುತ್ತಿದ್ದೇನೆ. ಮೊದಲು ರ, ಗ, ಸ, ದ, ಅ. ಈ ಐದು ಕೈಗೆ ಹತ್ತಿದರೆ ಆವತ್ತೇ ಪದ ಕಟ್ಟಬಹುದು. ಸರ, ದರ, ಅರಸ, ಅಗಸ, ಗರಗಸ. ಮಗುವಿಗೆ ಐವತ್ತು ಅಕ್ಷರ ಮುಗಿಯುವವರೆಗೆ ಕಾಯುವ ಶಿಕ್ಷೆ ಇಲ್ಲ, ಐದರಲ್ಲೇ ಓದಿದ ಖುಷಿ ಸಿಗುತ್ತದೆ. ನನಗೆ ಈ ಕ್ರಮ ಬಹಳ ಇಷ್ಟ.

ಗರಗಸದ ಚಿತ್ರ ತೋರಿಸಿ ಹೇಳಿಸಿ ನೋಡಿ. ತಮಿಳು ಮನೆಯ ಹುಡುಗಿ "ಕರಗಸ" ಅನ್ನುತ್ತಾಳೆ. ಮುಂದೆ ಕ ಕಲಿತ ಮೇಲೆ ಬರೆಯುವುದೂ ಹಾಗೆಯೇ. ಒಂದು ವಿಷಯ ಗಮನಿಸಿ: ಮೊದಲ ಗ ಮಾತ್ರ ಕ ಆಯಿತು, ನಡುವಿನ ಗ ಸರಿಯಾಗಿಯೇ ಇದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಲ್ಲಿ ಅದು ಕ, ಎರಡು ಸ್ವರದ ನಡುವೆ ಸಿಕ್ಕಿದರೆ ತಾನಾಗಿ ಗ. ಹುಡುಗಿ ತನ್ನ ಮನೆಯ ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸಿದ್ದಾಳೆ. ಪಕ್ಕದಲ್ಲಿರುವ ಬಂಗಾಳಿ ಮಾತಿನ ಹುಡುಗ "ಸರ" ಎಂಬುದನ್ನು "ಶೊರ" ಅನ್ನುತ್ತಾನೆ. ಅವನ ಮನೆಮಾತಿನಲ್ಲಿ ಅಕಾರ ಒಕಾರದತ್ತ ವಾಲುತ್ತದೆ, ಸ ಬಹಳ ಕಡೆ ಶ ಆಗುತ್ತದೆ. ಇನ್ನು ನಮ್ಮೂರಿನದೇ ಕನ್ನಡದ ಮಗುವಿಗೆ ಹಕ್ಕಿಯ ಚಿತ್ರ ತೋರಿಸಿದರೆ "ಅಕ್ಕಿ" ಎಂದು ಬರೆದುಕೊಡುತ್ತದೆ. ಹಾಲು ಆಲು, ಹಳ್ಳಿ ಅಳ್ಳಿ. ನಮ್ಮ ಬಾಯಲ್ಲಿ ಹಕಾರ ಉದುರಿಹೋಗಿ ಕಾಲವಾಯಿತು.

ತುಳು ಮನೆಯ ಮಗುವಿನದು ಇನ್ನೊಂದು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಒಂದು ಮಗು ಅಮ್ಮನ ಚಿತ್ರದ ಮೇಲೆ "ಅಪ್ಪ" ಕಾರ್ಡು ಇಟ್ಟು ನನ್ನ ಮುಖ ನೋಡಿತು. ಅದಕ್ಕೆ ತಾನು ಸರಿ ಎಂಬ ಧೈರ್ಯ ಇತ್ತು, ನಾನು ತಲೆಯಾಡಿಸಿದಾಗ ಆ ಧೈರ್ಯ ಹೋಯಿತು. ಆ ಮುಖ ನನಗೆ ಇನ್ನೂ ನೆನಪಿದೆ.

ನಾನೂ ಮೊದಲ ವರ್ಷಗಳಲ್ಲಿ ಇದನ್ನೆಲ್ಲ ತಪ್ಪು ಎಂದೇ ಎಣಿಸಿದವಳು. ಕರಗಸ ಎಂದು ಬರೆದ ಹುಡುಗಿಯ ಸ್ಲೇಟಿಗೆ ನಾಲ್ಕು ದಿನ ಅಡ್ಡಗೆರೆ ಎಳೆದೆ. ಆಮೇಲೆ ಅವಳನ್ನು ನಿಧಾನ ಕಲಿಕೆಯ ಪಟ್ಟಿಗೆ ಸೇರಿಸಿ, "ಮಾತು ಕಡಿಮೆ" ಎಂದು ಬರೆದೂ ಇಟ್ಟೆ. ಒಂದು ಸಂಜೆ ಗೈರುಹಾಜರಿ ವಿಚಾರಿಸಲು ಲೈನ್ ಮನೆಗೆ ಹೋದೆ. ಜಗಲಿಯಲ್ಲಿ ಅವಳು ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಮಿಳಿನಲ್ಲಿ ಕತೆ ಹೇಳುತ್ತಿದ್ದಳು. ನರಿಗೊಂದು ದನಿ, ಆನೆಗೊಂದು ದನಿ, ನಡುವೆ ಹಾಡು. ಹತ್ತು ನಿಮಿಷ ನಿಂತು ಕೇಳಿದೆ. ತರಗತಿಯಲ್ಲಿ ದಿನಕ್ಕೆ ಮೂರು ಮಾತಾಡದ ಹುಡುಗಿ ಅವಳು. ಮರುದಿನ ಬೆಳಿಗ್ಗೆ ಆ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದೆ. ಆದರೆ ನಾಲ್ಕು ದಿನ ಎಳೆದ ಗೆರೆಯನ್ನು ಅಳಿಸಲು ಆಗಲಿಲ್ಲ. ಅವಳು ನನ್ನ ಮುಂದೆ ಬಾಯಿಬಿಟ್ಟು ಓದಲು ಎರಡು ತಿಂಗಳು ಹಿಡಿಯಿತು.

ಹಾಗಾದರೆ ಏನು ಮಾಡುವುದು? ನಾನು ಮಾಡುವುದು ಇಷ್ಟು. ಜೋಡಿ ಪದ ಇಟ್ಟುಕೊಂಡು ಕಿವಿ ತಿದ್ದುತ್ತೇನೆ: ಕೂಡು–ಗೂಡು, ತಡ–ದಡ, ಪೇಟೆ–ಬೇಟೆ. ಕಿವಿಗೆ ವ್ಯತ್ಯಾಸ ಬೀಳುವ ತನಕ ಕೈಗೆ ಕೊಡುವುದಿಲ್ಲ. ಮಕ್ಕಳು ಕತ್ತಿನ ಮೇಲೆ ಬೆರಳಿಟ್ಟುಕೊಂಡು ಕ್, ಗ್ ಎಂದು ಸ್ವರ ಸೇರಿಸದೆ ಹೇಳಬೇಕು. ಗ್ ಅಂದಾಗ ಬೆರಳಿಗೆ ನಡುಕ ತಾಗುತ್ತದೆ, ಕ್ ಅಂದಾಗ ಇಲ್ಲ. ಹಕಾರಕ್ಕೆ ಅಂಗೈಯನ್ನು ಬಾಯ ಮುಂದೆ ಹಿಡಿಸುತ್ತೇನೆ. ಹಕ್ಕಿ ಅಂದರೆ ಕೈಗೆ ಬೆಚ್ಚನೆ ಉಸಿರು ಬಡಿಯಬೇಕು, ಅಕ್ಕಿ ಅಂದರೆ ಬಡಿಯಬಾರದು. ಚಳಿಗಾಲದ ಬೆಳಿಗ್ಗೆ ಈ ಆಟ ಚೆನ್ನಾಗಿ ನಡೆಯುತ್ತದೆ, ಉಸಿರು ಕಣ್ಣಿಗೇ ಕಾಣುತ್ತದೆ. ಮನೆಯ ಮಾತನ್ನು ತಪ್ಪು ಅನ್ನಬೇಡಿ. "ಮನೇಲಿ ಹಂಗೆ, ಪುಸ್ತಕದಲ್ಲಿ ಹಿಂಗೆ" ಅಂದರೆ ಸಾಕು, ಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ನಿಮ್ಮ ಕನ್ನಡವೂ ಇಲ್ಲಿಗೆ ಹೊಸದೇ. ನೀವು ಕಸಬರಿಗೆ ತಾ ಅಂದರೆ ಮಕ್ಕಳು ಮುಖ ಮುಖ ನೋಡುತ್ತಾರೆ, ನಮ್ಮಲ್ಲಿ ಅದು ಪೊರಕೆ. ಅದನ್ನೂ ಬೋರ್ಡಿನ ಮೇಲೆ ಜೋಡಿಯಾಗಿ ಬರೆಯಿರಿ. ಟೀಚರಿಗೂ ಬೇರೆ ಮಾತಿದೆ ಎಂದು ಕಂಡ ದಿನ ಬೇರೆ ಮಾತಿನ ಮಕ್ಕಳು ಹತ್ತಿರ ಬರುತ್ತಾರೆ.

ನಲಿಕಲಿಯ ಬಗ್ಗೆ ಬೇಸರ ಹೇಳುವವರು ಬಹಳ ಜನ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಸಣ್ಣದಾಗಿ ಶುರುವಾಗಿ 2009–10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದ ಪದ್ಧತಿ ಇದು. ಕಾರ್ಡು ಹರಿಯುತ್ತವೆ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ, ಮೂರು ತರಗತಿ ಒಂದೇ ಕೋಣೆಯಲ್ಲಿ ಗಲಾಟೆ. ಎಲ್ಲ ನಿಜ. ಆದರೆ ತೋಟದ ಸೀಮೆಗೆ ಇದಕ್ಕಿಂತ ಒಗ್ಗುವ ಪದ್ಧತಿಯನ್ನು ನಾನು ಕಂಡಿಲ್ಲ. ಹೊರಗಿನಿಂದ ಕಾಫಿ ಕೊಯ್ಲಿಗೆ ಬರುವ ಸಂಸಾರಗಳು ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ಹೊತ್ತಿಗೆ ಹೊರಡುತ್ತವೆ. ಎಲ್ಲರಿಗೂ ಒಂದೇ ಪಾಠ ಒಂದೇ ದಿನ ಮಾಡುವ ತರಗತಿಯಾಗಿದ್ದರೆ ಆ ಮಗು ಬಂದಾಗ ಹದಿನೈದನೇ ಪಾಠ ನಡೆಯುತ್ತಿರುತ್ತಿತ್ತು, ಮಗುವಿಗೆ ಅಲ್ಲಿಗೇ ಕತ್ತಲೆ. ಕಲಿಕೆಯ ಹಂತಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿದ ನಲಿಕಲಿಯ ಕಲಿಕಾ ಏಣಿಯಲ್ಲಿ ಹಾಗಿಲ್ಲ, ಒಂದೊಂದು ಹಂತಕ್ಕೆ ಮೈಲಿಗಲ್ಲು ಅನ್ನುತ್ತೇವೆ. ಎರಡನೇ ಮೈಲಿಗಲ್ಲಿನಲ್ಲಿ ಬಿಟ್ಟುಹೋದ ಮಗು ಎರಡನೇ ಮೈಲಿಗಲ್ಲಿಗೇ ಬಂದು ಕೂರುತ್ತದೆ. ಎಲ್ಲರೂ ಮುಂದೆ ಹೋಗಿಬಿಟ್ಟರು ಎಂಬ ನಾಚಿಕೆ ಇಲ್ಲ, ಪಕ್ಕದಲ್ಲಿ ಕೂತು ತೋರಿಸಿಕೊಡಲು ದೊಡ್ಡ ಮಗು ಇರುತ್ತದೆ. ಕಾರ್ಡುಗಳನ್ನು ಮಾತ್ರ ಜೂನ್‌ಗೆ ಮೊದಲೇ ತಗಡಿನ ಟ್ರಂಕಿಗೆ ಹಾಕಿಡಿ.

ಇನ್ನು ಲೆಕ್ಕ. ಕನ್ನಡದ ಸಂಖ್ಯೆಯ ಹೆಸರು ಮಕ್ಕಳಿಗೆ ದೊಡ್ಡ ಉಪಕಾರ ಮಾಡುತ್ತದೆ, ಅದನ್ನು ನಾವು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಇಪ್ಪತ್ಮೂರು ಅಂದರೆ ಇಪ್ಪತ್ತು, ಆಮೇಲೆ ಮೂರು. ಬರೆಯುವುದೂ ಅದೇ ಕ್ರಮದಲ್ಲಿ, 23. ಹಿಂದಿಯ "ತೇಯೀಸ್" ನಲ್ಲಿ ಮೂರು ಮೊದಲು, ಇಪ್ಪತ್ತು ಆಮೇಲೆ. ನೀವು 23 ಹೇಳಿದ್ದಕ್ಕೆ ಜಾರ್ಖಂಡಿನ ಹುಡುಗ 32 ಬರೆದಾಗ ಅವನಿಗೆ ಸ್ಥಾನಬೆಲೆ ಗೊತ್ತಿಲ್ಲ ಎಂದುಕೊಳ್ಳುವ ಮೊದಲು ಅವನು ಯಾವ ಭಾಷೆಯಲ್ಲಿ ಎಣಿಸಿದ ಎಂದು ಕೇಳಿ. ನಾನು ಹತ್ತು ಹತ್ತು ಕಡ್ಡಿಯ ಕಟ್ಟು ಕಟ್ಟಿಸಿ, "ಎರಡು ಹತ್ತು, ಮೂರು" ಎಂದು ಕೆಲವು ವಾರ ಹೇಳಿಸಿ ಆಮೇಲೆ ಇಪ್ಪತ್ಮೂರಕ್ಕೆ ಬರುತ್ತೇನೆ.

ಕೊಯ್ಲಿನ ಕಾಲದ ತಕ್ಕಡಿ ನಿಮಗೆ ಸಿಗುವ ಅತ್ಯಂತ ಒಳ್ಳೆಯ ಪಾಠೋಪಕರಣ. ಸಂಜೆ ಹಣ್ಣು ತೂಗುವಾಗ ಮಕ್ಕಳು ಅಲ್ಲೇ ಇರುತ್ತಾರೆ, ಅಮ್ಮನ ಚೀಲ ಎಷ್ಟು ತೂಗಿತು, ತೋಟದ ಲೆಕ್ಕ ಬರೆಯುವ ರೈಟರ್ ಎಷ್ಟು ಬರೆದುಕೊಂಡರು ಎಂದು ಕಣ್ಣಿಟ್ಟು ನೋಡುತ್ತಾರೆ. ಮೂರನೇ ತರಗತಿಯ ಒಬ್ಬ ಹುಡುಗ ಸ್ಲೇಟಿನ ಮೇಲೆ 68 ಗುಣಿಸು 5 ಮಾಡಲಾಗದೆ ಕೂತಿದ್ದ. ಐದೆಂಟ್ಲೆ ನಲವತ್ತು, ಸೊನ್ನೆ ಬರೆದು ಕೈಯಲ್ಲಿ ನಾಲ್ಕು ಅನ್ನುವುದು ಅವನಿಗೆ ಹಿಡಿಯಲೇ ಇಲ್ಲ. "ಅಮ್ಮ 68 ಕಿಲೋ ಕುಯ್ದರು, ಕಿಲೋಗೆ 5 ರೂಪಾಯಿ ಅಂತಿಟ್ಕೋ" ಅಂದೆ. ಮೇಲೆ ನೋಡಿದ, ತುಟಿ ಅಲ್ಲಾಡಿತು, "ಮುನ್ನೂರ ನಲವತ್ತು" ಅಂದ. ಹೇಗೆ ಮಾಡಿದೆ ಎಂದೆ. "ಹತ್ತು ಕಿಲೋಗೆ ಐವತ್ತು ಮಿಸ್. ಆರು ಐವತ್ತು ಮುನ್ನೂರು. ಉಳಿದಿದ್ದು ಎಂಟು, ಅದ್ಕೆ ನಲವತ್ತು." ನಾನು ಅವನು ಹೇಳಿದ್ದನ್ನೇ ಬೋರ್ಡಿಗೆ ಬರೆದೆ: 60ಕ್ಕೆ 300, 8ಕ್ಕೆ 40. ಕೈಯಲ್ಲಿ ಉಳಿಯುವ ನಾಲ್ಕು ಯಾವುದು ಎಂದು ಅದರ ಪಕ್ಕದಲ್ಲೇ ತೋರಿಸಿದೆ. ನಾಲ್ಕಲ್ಲ, ನಾಲ್ಕು ಹತ್ತು. ಆ ವಾರ ಇಡೀ ತರಗತಿಗೆ ಗುಣಾಕಾರ ಹೇಳಿಕೊಟ್ಟವನು ಅವನೇ. ಮಗ್ಗಿ ಬಾಯಿಪಾಠ ಬೇಡ ಎಂದು ನಾನು ಹೇಳುವುದಿಲ್ಲ, ಬೇಕೇ ಬೇಕು. ಆದರೆ ಮಗ್ಗಿ ಬರಲಿ, ಆಮೇಲೆ ಲೆಕ್ಕ ಎಂದು ಕಾಯಬೇಡಿ.

ಪರಿಸರ ಅಧ್ಯಯನಕ್ಕೆ ಮಳೆಯೇ ಇದೆ. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿದರೆ ಮಳೆಮಾಪಕ. ತಳ ಉಬ್ಬುತಗ್ಗು ಇರುವುದರಿಂದ ಮೊದಲು ಸ್ವಲ್ಪ ನೀರು ತುಂಬಿ, ಆ ಮಟ್ಟದಿಂದ ಸ್ಕೇಲು ಅಂಟಿಸಿ. ತೋಟದವರು ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುತ್ತಾರೆ, ನೂರು ಸೆಂಟ್ಸಿಗೆ ಒಂದು ಇಂಚು. ಪುಸ್ತಕದಲ್ಲಿ ಮಿಲಿಮೀಟರ್, ಇಂಚಿಗೆ 25.4. ಐದನೇ ತರಗತಿಯವರಿಗೆ ದಶಮಾಂಶ ಹೇಳುವಾಗ "ನಿನ್ನೆ ಒಂದು ಇಂಚು ಮೂವತ್ತೈದು ಸೆಂಟ್ಸ್" ಎಂದು ಪಕ್ಕದ ತೋಟದಿಂದ ಕೇಳಿಕೊಂಡು ಬಂದ ಮಗುವಿಗೆ 1.35 ಬರೆಯಲು ಬೇರೆ ಉದಾಹರಣೆ ಬೇಕಿಲ್ಲ. ಕಾಫಿ ಹೂ ಅರಳಿಸುವ ಫೆಬ್ರವರಿ–ಮಾರ್ಚಿನ ಹೂಮಳೆ ಯಾವತ್ತು ಬಂತು ಎಂಬುದನ್ನು ಪ್ರತಿ ಮನೆಯೂ ನೆನಪಿಟ್ಟಿರುತ್ತದೆ, ಅದನ್ನು ಗೋಡೆಯ ಮೇಲೆ ಬರೆಸಿ. ಆಗುವುದಾದರೆ ಬಿಸಿಲೆ ಹಾದಿಯ ಮಂಕನಹಳ್ಳಿ ಹತ್ತಿರ ಮಳೆನೀರು ಎರಡು ಕಡೆಗೆ ಒಡೆದು ಹರಿಯುವ ದಿಬ್ಬದ ನೆತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಬದಿಯದು ಕುಮಾರಧಾರಾ, ನೇತ್ರಾವತಿ ಹಿಡಿದು ಅರಬ್ಬೀ ಸಮುದ್ರಕ್ಕೆ. ಎರಡು ಕಾಲು ಎರಡು ಬದಿಗೆ ಇಟ್ಟು ನಿಂತ ಮಗು ಆ ಪಾಠ ಮರೆಯುವುದಿಲ್ಲ.

ಹಾಜರಿಯ ವಿಷಯ ಎರಡೇ ಮಾತು. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಬರುತ್ತದೆ, ಶನಿವಾರ ಮಧ್ಯಾಹ್ನ ಕೂತು ತುಂಬಿಸಿಕೊಳ್ಳುತ್ತೇವೆ. ಹತ್ತಿರದಲ್ಲಿ ಆನೆ ಇದೆ ಎಂದು ಫೋನಿಗೆ ಮೆಸೇಜು ಬಂದ ದಿನ ಮಗು ಬರಲಿಲ್ಲವೆಂದು ಗದರಬೇಡಿ. ಆ ದಿನ ಕಳಿಸಿದ್ದರೆ ಗದರಬೇಕು.

ಜೂನ್‌ಗೆ ಬರುತ್ತೀರಿ ಅಂದಿರಿ. ಗಟ್ಟಿ ಕೊಡೆ, ಗಮ್ ಬೂಟು ತನ್ನಿ. ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಹೊಗೆಸೊಪ್ಪಿನ ಪುಡಿ ಇಲ್ಲೇ ಸಿಗುತ್ತದೆ. ಮೊದಲ ದಿನ ಹಾಜರಿ ಪುಸ್ತಕ ತೆಗೆದು ಪ್ರತಿ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಆ ಮಗುವಿನ ಮನೆಮಾತು ಬರೆದುಕೊಳ್ಳಿ. ಅಡುಗೆಯವರನ್ನು ಕೇಳಿ, ಅವರಿಗೆ ಎಲ್ಲರ ಮನೆಯೂ ಗೊತ್ತಿರುತ್ತದೆ. ಆಮೇಲೆ ಗರಗಸದ ಕಾರ್ಡು ತೆಗೆಯಿರಿ.