ಬಾಯಿ ಬಿಟ್ಟರೆ ಬಣ್ಣಗೇಡೇ?

ಹುಬ್ಬಳ್ಳಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ಅವರದು. ಹೊಸದಾಗಿ ಕಂಪನಿ ಕಟ್ಟಿದವರ ಬಳಗವೊಂದಕ್ಕೆ ಆರು ತಿಂಗಳಿಂದ ಹೋಗುತ್ತಿದ್ದಾರೆ. ಅಲ್ಲಿ ಒಂದು ದಿನ ತಮ್ಮ ದರ, ಗಿರಾಕಿ ಹಿಡಿಯುವ ರೀತಿ ಎಲ್ಲ ಹೇಳಿದರಂತೆ. ಎರಡೇ ತಿಂಗಳಲ್ಲಿ ಅದೇ ಬಳಗದವರೊಬ್ಬರು ಅಂಥದ್ದನ್ನೇ ಕಡಿಮೆ ದರಕ್ಕೆ ಮಾರತೊಡಗಿದರಂತೆ. "ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಅಪ್ಪ ಬೈಯುತ್ತಿದ್ದಾರೆ. ಬಳಗ ಬಿಟ್ಟುಬಿಡಲೇ ಸರ್?" ಎಂದು ಕೇಳಿದ್ದಾರೆ.

ಬಿಡಬೇಡಿ.

ನಿಮ್ಮ ತಂದೆಯವರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ನಿಮ್ಮ ಬಳಗದ ಆ ಮನುಷ್ಯ ಮಾಡಿದ್ದು ಸರಿಯಲ್ಲ. ಇಂಥ ಸಿಟ್ಟು ದೊಡ್ಡವರಿಗೂ ಬಂದಿದೆ. 1976ರ ಫೆಬ್ರುವರಿಯಲ್ಲಿ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ದುಡ್ಡು ಕೊಡದೆ ನಮ್ಮ ಸಾಫ್ಟ್‌ವೇರ್ ನಕಲು ಮಾಡಿ ಹಂಚಿಕೊಳ್ಳುತ್ತಿದ್ದೀರಿ, ಇದು ಕಳ್ಳತನ ಎಂದು ನೇರವಾಗಿಯೇ ಬೈದರು. ಅದೂ ನ್ಯಾಯವೇ.

ಆದರೆ ಆ ಪತ್ರ ಅಚ್ಚಾದ ಜಾಗಗಳಲ್ಲಿ ಒಂದು ಯಾವುದು ಗೊತ್ತಾ? ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸುದ್ದಿಪತ್ರ. 1975ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ, ಒಬ್ಬರ ಮನೆಯ ಕಾರ್ ಶೆಡ್ಡಿನಲ್ಲಿ ಶುರುವಾದ ಕ್ಲಬ್ ಅದು. ಅಲ್ಲಿಗೆ ಸ್ಟೀವ್ ವೋಜ್ನಿಯಾಕ್ ಎಂಬ ನಾಚಿಕೆ ಸ್ವಭಾವದ ಎಂಜಿನಿಯರ್ ಬರುತ್ತಿದ್ದರು. ತಾವು ಕಟ್ಟಿದ ಕಂಪ್ಯೂಟರಿನ ನಕ್ಷೆಯನ್ನು ಜೆರಾಕ್ಸ್ ಮಾಡಿ ಪುಕ್ಕಟೆ ಹಂಚುತ್ತಿದ್ದರು. ಇದನ್ನು ಮಾರೋಣ ಕಣಯ್ಯಾ ಎಂದು ಬೆನ್ನು ಹತ್ತಿದವರು ಗೆಳೆಯ ಸ್ಟೀವ್ ಜಾಬ್ಸ್. 1976ರ ಏಪ್ರಿಲ್ 1ಕ್ಕೆ ಆ್ಯಪಲ್ ಹುಟ್ಟಿತು. ಮೊದಲ ಸರಕು, ಆ ಪುಕ್ಕಟೆ ನಕ್ಷೆಯ ಕಂಪ್ಯೂಟರೇ. ನಕ್ಷೆ ಹಂಚಿದವರು ಮುಳುಗಿದರಾ?

ಅಷ್ಟು ದೂರ ಯಾಕೆ, ಬೆಂಗಳೂರಿಗೇ ಬನ್ನಿ. 2005ರ ದೀಪಾವಳಿಗೆ ಹೈದರಾಬಾದಿನ ಬಸ್ ಟಿಕೆಟ್ ಸಿಗದೆ ಫಣೀಂದ್ರ ಸಾಮ ಎಂಬ ಹುಡುಗ ಇಲ್ಲೇ ಉಳಿದರು. ಮರುವರ್ಷ ಗೆಳೆಯರ ಜೊತೆ, ಆನ್‌ಲೈನಿನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಶುರು ಮಾಡಿದರು. ಎಲ್ಲರೂ ಎಂಜಿನಿಯರುಗಳು, ವ್ಯಾಪಾರದ ಗಂಧ ಇಲ್ಲ. ಉದ್ಯಮಿಗಳದೇ ಬಳಗವಾದ ಟೈನ ಬೆಂಗಳೂರು ಶಾಖೆಗೆ ಹೋಗಿ ತಮ್ಮ ಲೆಕ್ಕವನ್ನೆಲ್ಲ ಬಿಚ್ಚಿಟ್ಟರು. ದಾರಿ ಹೇಳುವ ಹಿರಿಯರು ಸಿಕ್ಕಿದ್ದು ಅಲ್ಲಿ. ಇನ್ನು 'ಅವೇಕ್' ಹೆಸರು ಕೇಳಿದ್ದೀರಾ? ಕರ್ನಾಟಕದ ಮಹಿಳಾ ಉದ್ಯಮಿಗಳ ಸಂಘ, 1983ರದು. ಸ್ಟಾರ್ಟಪ್ ಎಂಬ ಮಾತು ನಮ್ಮ ಕಿವಿಗೆ ಬೀಳುವ ಎಷ್ಟೋ ಮೊದಲೇ ಅಲ್ಲಿ ಅನುಭವಸ್ಥ ಹೆಣ್ಣುಮಕ್ಕಳು ಹೊಸಬರನ್ನು ಪಕ್ಕ ಕೂರಿಸಿಕೊಂಡು ವ್ಯವಹಾರ ಹೇಳಿಕೊಡುತ್ತಿದ್ದರು. ಅವರ ಮೇಲೆ ಯಾರೂ ಕವರ್ ಸ್ಟೋರಿ ಮಾಡಲಿಲ್ಲ. ನಾವೂ ಮಾಡಲಿಲ್ಲ ಬಿಡಿ.

ನನ್ನದೂ ಒಂದು ಕಥೆ ಇದೆ. ಈ ಪತ್ರಿಕೆ ಶುರುವಾದಾಗ ನಮಗೆ ಬರೆಯಲು ಬರುತ್ತಿತ್ತು, ಮಾರಲು ಬರುತ್ತಿರಲಿಲ್ಲ. ಡಿಪಾಜಿಟ್ ಇಲ್ಲದೆ ಏಜೆಂಟರಿಗೆ ಬಂಡಲ್ ಕಳಿಸುತ್ತಿದ್ದೆವು. ದುಡ್ಡೂ ಬರಲಿಲ್ಲ, ಮಾರಾಟವಾಗದ ಪ್ರತಿಗಳೂ ವಾಪಸ್ ಬರಲಿಲ್ಲ. ಒಂದು ಸಂಜೆ ಪ್ರೆಸ್ಸಿನಲ್ಲಿ ಇನ್ನೊಂದು ಪತ್ರಿಕೆಯ ಸಂಪಾದಕರು ಸಿಕ್ಕರು. ನಮಗೆ ನೇರ ಪೈಪೋಟಿ ಅವರದು. ಚಹಾ ಕುಡಿಯುತ್ತಾ, ಯಾವ ಊರಿನ ಏಜೆಂಟ್ ಕೊಡುತ್ತಾನೆ, ಯಾವನು ಆಟ ಆಡಿಸುತ್ತಾನೆ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನನಗೆ ಆಶ್ಚರ್ಯ. ಯಾಕೆ ಸರ್ ಎಂದೆ. "ನಿಮಗೆ ನಾಮ ಹಾಕಿ ರುಚಿ ಹತ್ತಿದವನು ನಾಳೆ ನನಗೂ ಹಾಕುತ್ತಾನೆ" ಅಂದರು. ಆ ಚೀಟಿ ಇಲ್ಲದಿದ್ದರೆ ಈ ಅಂಕಣ ಇರುತ್ತಿರಲಿಲ್ಲ.

ಈಗ ನಿಮ್ಮನ್ನು ಸ್ವಲ್ಪ ಬೈಯಲೇ? ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಳಗದಲ್ಲಿ ನೀವು ಏನೇನು ಹೇಳಿದಿರಿ ಎಂಬುದಿದೆ. ಏನು ಕೇಳಿದಿರಿ ಎಂಬುದು ಒಂದು ಸಾಲೂ ಇಲ್ಲ. ಆರು ತಿಂಗಳಲ್ಲಿ ಒಂದು ಪ್ರಶ್ನೆ? ಎಷ್ಟು ಅಂಗಡಿ ಹಿಡಿದೆ ಅಂತ ಹೇಳಿದ್ದೀರಿ. ಎಷ್ಟು ಅಂಗಡಿ ಕೈಬಿಟ್ಟವು ಅಂತ ಹೇಳಿದಿರಾ? ದರ ಯಾರು ಬೇಕಾದರೂ ಕದಿಯಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಏರಿದ ದಿನ ಬಿಲ್ ನಿಂತುಹೋದರೆ ನೀವು ರಾತ್ರಿಯೇ ಬೈಕ್ ಹತ್ತುತ್ತೀರಂತಲ್ಲ, ನೀವೇ ಬರೆದಿದ್ದೀರಿ. ಅದನ್ನು ಆತ ಹೇಗೆ ಕದಿಯುತ್ತಾನೆ?

ನನಗೆ ಬೇಜಾರಿರುವುದು ಬೇರೆಯೇ ವಿಷಯಕ್ಕೆ. ಇಂಥ ಕೂಟಗಳಿಗೆ ನಾನೂ ಹೋಗಿದ್ದೇನೆ. ವೇದಿಕೆಯ ಮೇಲೆ ಬರೀ ಇಂಗ್ಲಿಷ್, ಬರೀ ಫಂಡಿಂಗ್. ಇಷ್ಟು ಕೋಟಿ ಎತ್ತಿದೆವು ಅಂದರೆ ಚಪ್ಪಾಳೆ. ಇಷ್ಟು ಲಕ್ಷ ಕಳೆದುಕೊಂಡೆ ಅನ್ನುವವನಿಗೆ ಮೈಕೇ ಇಲ್ಲ. ರಾಣೆಬೆನ್ನೂರಿನಿಂದಲೋ ಶಿರಸಿಯಿಂದಲೋ ಬಂದ ಹುಡುಗ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿರುತ್ತಾನೆ. ಆಮೇಲೆ ಚಹಾ ಕೌಂಟರಿನ ಹತ್ತಿರ ಅಚ್ಚ ಕನ್ನಡದಲ್ಲಿ ಅವನು ಕೇಳುವ ಪ್ರಶ್ನೆ ಇರುತ್ತದಲ್ಲ, ಇಡೀ ದಿನದ ಅಸಲಿ ಪ್ರಶ್ನೆ ಅದೇ. ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಹತ್ತು ಜನಕ್ಕೆ ಸಂಬಳ ಕೊಡುವವರನ್ನು ಯಾರಾದರೂ 'ಫೌಂಡರ್' ಅಂತ ಕರೆದದ್ದು ಕೇಳಿದ್ದೀರಾ? ಅವರು ಬರೀ 'ಓನರ್'. ಸಂಬಳದ ದಿನ ದುಡ್ಡು ಹೊಂದಿಸುವ ಕಷ್ಟ ಅವರಿಗೆ ಗೊತ್ತಿರುವಷ್ಟು ವೇದಿಕೆ ಮೇಲಿನವರಿಗೆ ಗೊತ್ತಿಲ್ಲ. ಆದರೂ ಅವರನ್ನು ಯಾರೂ ಕರೆಯುವುದಿಲ್ಲ.

ಮುಂದಿನ ಸಲ ಬಳಗಕ್ಕೆ ಹೋದಾಗ ದರದ ಸುದ್ದಿ ಎತ್ತಬೇಡಿ. ಎದ್ದು ನಿಂತು, ಕನ್ನಡದಲ್ಲೇ, ಉದ್ರಿ ವಸೂಲಿ ಹೇಗೆ ಮಾಡುತ್ತೀರಿ ಅಂತ ಕೇಳಿ. ನಿಮ್ಮ ದರ ಕದ್ದವರನ್ನೂ ಕೇಳಿ, ಕಡಿಮೆಗೆ ಮಾರಿದವರಿಗೆ ಉದ್ರಿ ಜಾಸ್ತಿಯೇ ಇರುತ್ತದೆ. ಏನು ಹೇಳಿದರು ಅಂತ ನನಗೂ ಬರೆಯಿರಿ. ನಮ್ಮ ಮೂರು ಏಜೆಂಟರು ಯುಗಾದಿಯಿಂದ ಫೋನ್ ಎತ್ತುತ್ತಿಲ್ಲ.

— ಸಂಪಾದಕ