ಬಿ.ಇಡಿ.ಗೆ ಸಾಲ ಮಾಡುವ ಮುನ್ನ

ಕಡೂರಿನಿಂದ ದಿನವೂ ಓಡಾಡುತ್ತಾ ಚಿಕ್ಕಮಗಳೂರಿನಲ್ಲಿ ಬಿ.ಇಡಿ. ಮಾಡಲು 1.5 ಲಕ್ಷ ಸಾಲ ತೆಗೆಯಬಹುದೇ ಎಂದು ಕೇಳಿದ್ದೀರಿ. ಶುಲ್ಕಕ್ಕಿಂತ ಮೊದಲು, ಕೋರ್ಸಿನ ಎರಡು ವರ್ಷ ನಿಂತುಹೋಗುವ ನಿಮ್ಮ ತಿಂಗಳ 14,000 ರೂಪಾಯಿ ಸಂಬಳವನ್ನು ಲೆಕ್ಕಕ್ಕೆ ಹಿಡಿಯಿರಿ. ಅದೇ 3,36,000 ಆಗುತ್ತದೆ. ಪದವಿ ಕೈಗೆ ಬಂದ ಮಾತ್ರಕ್ಕೆ ಸರ್ಕಾರಿ ಹುದ್ದೆ ಸಿಗುವುದಿಲ್ಲ: 6ರಿಂದ 8ನೇ ತರಗತಿಗೆ ಕಲಿಸಬೇಕಾದರೆ ಟಿಇಟಿಯಲ್ಲಿ (ಶಿಕ್ಷಕರ ಅರ್ಹತಾ ಪರೀಕ್ಷೆ) ತೇರ್ಗಡೆಯಾಗಿ, ಆಮೇಲೆ ನೇಮಕಾತಿ ಪರೀಕ್ಷೆಯನ್ನೂ ಬರೆಯಬೇಕು, ಮತ್ತು ಆ ಅಧಿಸೂಚನೆ ವರ್ಷವರ್ಷವೂ ಹೊರಡುವುದಿಲ್ಲ. ಹಾಗೆ ಕಾಯುತ್ತಾ ನಾನು ಮೂರು ವರ್ಷ ಅತಿಥಿ ಶಿಕ್ಷಕನಾಗಿದ್ದೆ. ತಿಂಗಳಿಗೆ 10,000 ಗೌರವಧನ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ದಿನಸಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಏಪ್ರಿಲ್, ಮೇ ಪುಟಗಳು ಮಾತ್ರ ಭರ್ತಿಯಾಗಿರುತ್ತಿದ್ದವು. (ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವಿತಾವಧಿ ಮಾನ್ಯತೆ ಇರುವುದೊಂದೇ ಸಮಾಧಾನ.) ಅಂಕಗಳ ಮೇಲೆ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಧೈರ್ಯವಾಗಿ ಸೇರಿ, ಮ್ಯಾನೇಜ್‌ಮೆಂಟ್ ಸೀಟಿಗಾಗಿ ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ.