ಶೂನ್ಯ ಟಿಕೆಟ್ ಸಿಗದಿರುವುದಕ್ಕೆ ಭಾಷೆಯಲ್ಲ, ವಿಳಾಸ ಕಾರಣ
ಅನಂತಪುರದಿಂದ ಬಂದು ಪೀಣ್ಯದಲ್ಲಿ ಕೆಲಸಕ್ಕೆ ಸೇರಿರುವ ನಿಮಗೆ ಮಾತ್ರ ಬಸ್ ನಿರ್ವಾಹಕರು ಶೂನ್ಯ ಟಿಕೆಟ್ (ಉಚಿತ ಪ್ರಯಾಣಕ್ಕೆ ಕೊಡುವ, ಹಣವಿಲ್ಲದ ಟಿಕೆಟ್) ಕೊಡದೆ ಹಣ ಕೇಳಿದ್ದು ನೀವು ತೆಲುಗು ಮಾತನಾಡಿದ್ದಕ್ಕಾಗಿಯೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಕಾರಣ ನಿಮ್ಮ ಆಧಾರ್‌ನಲ್ಲಿರುವ ಆಂಧ್ರದ ವಿಳಾಸ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣವು ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಮೀಸಲಾಗಿದ್ದು, ಮಾತೃಭಾಷೆ, ಜಾತಿ, ಆದಾಯ ಯಾವುದನ್ನೂ ಅದು ಕೇಳುವುದಿಲ್ಲ. ಗುರುತಿನ ಚೀಟಿಯಲ್ಲಿ ಇಲ್ಲಿನ ವಿಳಾಸವಿದ್ದರೆ ಸಾಕು. ನೀವು ಹತ್ತಿದ್ದು ಯಾವ ಬಸ್ಸೆಂದು ಬರೆದಿಲ್ಲ. ಅದು ಹವಾನಿಯಂತ್ರಿತ ವಜ್ರ ಆಗಿದ್ದರೆ ಅಲ್ಲಿ ಎಲ್ಲರೂ ಹಣ ಕೊಡಲೇಬೇಕು.

ಆಧಾರ್‌ನ ವಿಳಾಸವನ್ನು ಇಲ್ಲಿಗೆ ಬದಲಿಸಿಕೊಳ್ಳಲು ಮೊದಲು ನಿಮ್ಮ ಹೆಸರಿನಲ್ಲಿರುವ ಇಲ್ಲಿನ ವಿಳಾಸದ ದಾಖಲೆಯೊಂದನ್ನು, ಉದಾಹರಣೆಗೆ ನೋಂದಾಯಿತ ಬಾಡಿಗೆ ಕರಾರುಪತ್ರವನ್ನು, ಸಿದ್ಧಪಡಿಸಿಕೊಳ್ಳಿ. ನನ್ನ ನಾದಿನಿಯ ಅರ್ಜಿ ಒಮ್ಮೆ ತಿರಸ್ಕೃತವಾದದ್ದು ಕರಾರು ಅವಳ ಗಂಡನ ಹೆಸರಿನಲ್ಲಿತ್ತೆಂಬ ಒಂದೇ ಕಾರಣಕ್ಕೆ. ಅಂಥ ಸಂದರ್ಭದಲ್ಲಿ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೂಲಕ ವಿಳಾಸ ಬದಲಿಸುವ ದಾರಿಯೂ ಇದೆ. ಬಳಿಕ ಮೈಆಧಾರ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಮೊಬೈಲ್ ಸಂಖ್ಯೆ ಜೋಡಣೆಯಾಗಿರದಿದ್ದರೆ ಆಧಾರ್ ಕೇಂದ್ರಕ್ಕೇ ಹೋಗಿ. ಹೊಸ ವಿಳಾಸ ಬರುವವರೆಗೆ ದಿನವೂ ಬಿಡಿ ಟಿಕೆಟ್ ಕೊಳ್ಳುವ ಬದಲು ಬಿಎಂಟಿಸಿಯ ಮಾಸಿಕ ಪಾಸನ್ನು ಲೆಕ್ಕಹಾಕಿ ನೋಡಿ. ವಿಳಾಸ ಬದಲಾದ ದಿನದಿಂದ ಆ ಚೀಟಿಯನ್ನು ತೋರಿಸಿ ಶೂನ್ಯ ಟಿಕೆಟ್ಟನ್ನು ಕೇಳಿ ಪಡೆಯಿರಿ, ಇಳಿಯುವವರೆಗೂ ಅದನ್ನು ಕೈಯಲ್ಲಿಟ್ಟುಕೊಳ್ಳಿ.